ಸಿಗುರ್ ರೋಸ್ ಲೈವ್ ನೋಡಿದವರೇ, ಒಂದೇ ಕಿವಿ ಕೇಳುವವಳು ಎಲ್ಲಿ ಕೂರಬೇಕು?

ಮಂಜಿನಹಾದಿ

ಎಲ್ಲರಿಗೂ ನಮಸ್ಕಾರ. ಸಿಗುರ್ ರೋಸ್ ಬ್ಯಾಂಡನ್ನು ಲೈವ್ ಆಗಿ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಉತ್ತರ ಕೊಡಿ. ಪ್ರಶ್ನೆ ಸ್ವಲ್ಪ ಉದ್ದ ಇದೆ. ತಾಳ್ಮೆ ಇರಲಿ.

ನಾನು ಇವರನ್ನು ಕೇಳಲು ಶುರು ಮಾಡಿದ್ದು 'ಹೇಯ್ಮಾ' ಚಿತ್ರ ನೋಡಿದ ಮೇಲೆ. 2006ರ ಬೇಸಿಗೆಯಲ್ಲಿ ಅವರು ತಮ್ಮ ಐಸ್‌ಲ್ಯಾಂಡ್‌ನಲ್ಲೇ ಊರೂರು ಸುತ್ತಿ, ಟಿಕೆಟ್ ಇಲ್ಲದೆ ಹಾಡಿದರಲ್ಲ, ಅದರ ಚಿತ್ರ. ಪಾಳುಬಿದ್ದ ಹೆರಿಂಗ್ ಮೀನಿನ ಕಾರ್ಖಾನೆಯ ಖಾಲಿ ಎಣ್ಣೆ ಟ್ಯಾಂಕಿನೊಳಗೆ ಬ್ಯಾಂಡಿನ ಗಾಯಕ ಯೋನ್ಸಿ ಗಿಟಾರ್ ಮೇಲೆ ಚೆಲ್ಲೊ ಕಮಾನು ಎಳೆಯುತ್ತಾರೆ. ಆ ತುಕ್ಕು ಹಿಡಿದ ತಗಡೇ ಹಾಡುತ್ತಿದೆ ಅನ್ನಿಸಿತ್ತು ನನಗೆ. ಅಲ್ಲಿಂದ ಹಿಂದಕ್ಕೆ ಹೋಗಿ 1999ರ 'ಆಗೈತಿಸ್ ಬಿರ್ಯುನ್' ಕೇಳಿದೆ. ಆಮೇಲೆ 2002ರ ಹೆಸರಿಲ್ಲದ ಆಲ್ಬಂ, ಎರಡು ಆವರಣ ಚಿಹ್ನೆ ಮಾತ್ರ ಇರುವುದು. ಆ ಆಲ್ಬಂನಲ್ಲಿ ಯಾವ ಭಾಷೆಯೂ ಇಲ್ಲ, ಅವರು ವೊನ್‌ಲೆನ್ಸ್ಕಾ ಎಂದು ಕರೆಯುವ ಬರೀ ಉಲಿ ಇದೆ. ಪುಸ್ತಿಕೆಯ ಹಾಳೆಗಳನ್ನೂ ಖಾಲಿ ಬಿಟ್ಟಿದ್ದಾರೆ, ಕೇಳಿದವರೇ ಸಾಲು ಬರೆದುಕೊಳ್ಳಲಿ ಅಂತ. ನನ್ನ ಪ್ರತಿಯ ನಾಲ್ಕು ಹಾಳೆ ತುಂಬಿದೆ. ಯಾರಿಗೂ ತೋರಿಸಿಲ್ಲ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಎದ್ದಾಗ ಬಲಗಿವಿ ಕೇಳುತ್ತಿರಲಿಲ್ಲ. ನೋವಿಲ್ಲ, ಜ್ವರವಿಲ್ಲ. ಗುಗ್ಗೆ ಕಟ್ಟಿಕೊಂಡಿರಬೇಕು ಎಂದುಕೊಂಡು ಮೂರು ದಿನ ಸುಮ್ನೆ ಇದ್ದುಬಿಟ್ಟೆ. ದಯವಿಟ್ಟು ಯಾರೂ ಹಾಗೆ ಇರಬೇಡಿ. ಇದ್ದಕ್ಕಿದ್ದ ಹಾಗೆ ಕಿವಿ ಹೋದರೆ ಅದೇ ದಿನ ಡಾಕ್ಟರ ಹತ್ತಿರ ಓಡಿ. ಔಷಧಿ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ನನ್ನ ಕಿವಿ ವಾಪಸ್ ಬರಲಿಲ್ಲ. ಈಗ ಅದರಲ್ಲಿ ಇರುವುದು ದೂರದಲ್ಲೆಲ್ಲೋ ನಲ್ಲಿ ಬಿಟ್ಟಂಥ ಸದ್ದು ಮಾತ್ರ. ಅದು ನಿಲ್ಲುವುದಿಲ್ಲ.

ತಿಂಗಳಾದ ಮೇಲೆ ಧೈರ್ಯ ಮಾಡಿ ಹೆಡ್‌ಫೋನ್ ಹಾಕಿಕೊಂಡೆ. ಹಾಡಿನ ಅರ್ಧ ಇರಲೇ ಇಲ್ಲ. ಬಲಕ್ಕೆ ಇಟ್ಟಿದ್ದ ಸ್ವರಗಳು ಬರುವ ಜಾಗದಲ್ಲಿ ಖಾಲಿ. ಹದಿನೈದು ವರ್ಷ ಓಡಾಡಿದ ಮನೆಯಲ್ಲಿ ಒಂದು ಕೋಣೆ ಕಾಣೆಯಾದ ಹಾಗೆ. ಆವತ್ತು ತುಂಬ ಅತ್ತೆ. ಆಮೇಲೆ ಫೋನಿನಲ್ಲಿ ಮೋನೊ ಆಡಿಯೊ ಎಂಬ ಸೆಟ್ಟಿಂಗ್ ಇದೆ ಎಂದು ಗೊತ್ತಾಯಿತು. ಹಾಕಿದರೆ ಎರಡೂ ಕಡೆಯದು ಸೇರಿ ಒಂದೇ ಕಿವಿಗೆ ಬರುತ್ತದೆ. ಸ್ವರಗಳೆಲ್ಲ ಸಿಕ್ಕವು. ಆದರೆ ಎಲ್ಲ ಒಂದೇ ಗಂಟು. ಮೊದಲು ಯೋನ್ಸಿಯ ಕಮಾನು ಮಂಜಿನ ಹಾಗೆ ಸುತ್ತ ಹರಡುತ್ತಿತ್ತು. ಈಗ ಎಡಗಿವಿಯ ಹತ್ತಿರ ಒಂದು ಚುಕ್ಕೆಯಲ್ಲಿ ನಿಂತಿರುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಅವರು ವಾದ್ಯಮೇಳ ಕಟ್ಟಿಕೊಂಡು ಮಾಡುತ್ತಿರುವ ಪ್ರವಾಸಕ್ಕೆ ನನ್ನ ತಂಗಿ ಎರಡು ಟಿಕೆಟ್ ತೆಗೆದಿದ್ದಾಳೆ. ನನ್ನನ್ನು ಕೇಳಲೇ ಇಲ್ಲ. ಸೀಟು ಬದಲಾಯಿಸಲು ಇನ್ನೂ ನಾಲ್ಕು ದಿನ ಇದೆ. ಮೂರು ಜಾಗ ಖಾಲಿ ಇವೆ. ಎಡಗಡೆ ಮುಂದಿನ ಸಾಲು, ನಡುವೆ ಬಾಲ್ಕನಿ, ಬಲಗಡೆ ನಡುಮಧ್ಯದ ಸಾಲು. ನನಗೆ ಕೇಳುವುದು ಎಡಗಿವಿ. ಎಲ್ಲಿ ಕೂರಲಿ?

ಇನ್ನೊಂದು ಪ್ರಶ್ನೆಯೂ ಇದೆ. ಲೈವ್‌ನಲ್ಲೂ ನನಗೆ ಆ ಗಂಟೇ ಸಿಗುವುದಾದರೆ ಹೋಗುವುದೇ ಬೇಡವೇ? ಕೇಳಿದ್ದನ್ನು ನೆನಪಲ್ಲೇ ಉಳಿಸಿಕೊಳ್ಳಲೇ? ಸಮಾಧಾನಕ್ಕೆ ಹೇಳಬೇಡಿ. ಹೋಗಿ ನೋಡಿದವರು ನಿಮಗೆ ಏನು ಆಯಿತು ಅಂತ ಹೇಳಿ, ಸಾಕು.

ಮಿಕ್ಸರ್ ಹಿಂದಿನವನು

ಮೇಡಂ, ಬಲಗಡೆ ಸೀಟು ಹಿಡಿಯಿರಿ. ಯಾಕೆ ಅಂತ ಹೇಳುತ್ತೇನೆ.

ನಾನು ಹನ್ನೊಂದು ವರ್ಷದಿಂದ ವೇದಿಕೆಗಳಿಗೆ ಸೌಂಡ್ ಮಾಡುತ್ತೇನೆ. ಸಿಗುರ್ ರೋಸ್‌ಗೆ ಮಾಡಿದವನಲ್ಲ. ಆದರೆ 2013ರಲ್ಲಿ 'ಕ್ವೇಕುರ್' ಆಲ್ಬಂ ಬಂದ ವರ್ಷ ಕೇಳುಗನಾಗಿ ಹೋಗಿದ್ದೆ, ಸೌಂಡ್ ಮಿಕ್ಸರ್‌ಗೆ ಎರಡು ಹೆಜ್ಜೆ ಹಿಂದೆ ನಿಂತು.

ಮೊದಲು ನಿಮ್ಮ ಎರಡನೇ ಪ್ರಶ್ನೆ. ದೊಡ್ಡ ಹಾಲ್‌ಗಳಲ್ಲಿ ನಾವು ಎಡ-ಬಲ ಜಾಸ್ತಿ ಬೇರೆ ಮಾಡುವುದಿಲ್ಲ. ಗಿಟಾರನ್ನು ಪೂರ್ತಿ ಎಡಗಡೆ ಸ್ಪೀಕರ್‌ಗೆ ಹಾಕಿದರೆ ಬಲಗಡೆ ಕೂತವರಿಗೆ ಅದು ಸರಿಯಾಗಿ ಕೇಳುವುದೇ ಇಲ್ಲ. ಅವರೂ ಟಿಕೆಟ್ ಕೊಟ್ಟೇ ಬಂದಿರುತ್ತಾರೆ ಅಲ್ವಾ? ಹಾಗಾಗಿ ಮುಖ್ಯವಾದದ್ದೆಲ್ಲ ಎರಡೂ ಕಡೆಯಿಂದ ಹೆಚ್ಚುಕಡಿಮೆ ಒಂದೇ ಥರ ಹೋಗುತ್ತದೆ. ಅಂದರೆ ನಿಮ್ಮ ಸುತ್ತ ಕೂತ ಎರಡು ಕಿವಿಯವರೂ ಬಹಳ ಮಟ್ಟಿಗೆ ಮೋನೊವೇ ಕೇಳುತ್ತಿರುತ್ತಾರೆ. ಹೆಡ್‌ಫೋನಿನಲ್ಲಿ ನಿಮ್ಮಿಂದ ಕಿತ್ತುಕೊಂಡಷ್ಟನ್ನು ಹಾಲ್ ಕಿತ್ತುಕೊಳ್ಳುವುದಿಲ್ಲ.

ಇನ್ನು ಮಂದ್ರ ಸದ್ದು. ಅದಕ್ಕೆ ನಿಮ್ಮ ತಲೆ ಅಡ್ಡವೇ ಅಲ್ಲ, ಬಳಸಿಕೊಂಡು ಬರುತ್ತದೆ. ಬೇಸ್ ಗಿಟಾರು, ದೊಡ್ಡ ಡ್ರಮ್ಮು ಇವೆಲ್ಲ ಸೀಟಿನಿಂದ, ನೆಲದಿಂದ, ಪಕ್ಕೆಲುಬಿನಿಂದ ಬರುತ್ತವೆ. ತೊಂದರೆ ಇರುವುದು ತೆಳ್ಳಗಿನ ಸ್ವರಗಳಲ್ಲಿ. ಅವು ಕೇಳದ ಕಿವಿಯ ಕಡೆಯಿಂದ ಬಂದರೆ ತಲೆ ಅವಕ್ಕೆ ಗೋಡೆಯಾಗುತ್ತದೆ. ಕಮಾನು ತಂತಿಯನ್ನು ಕೆರೆಯುವ ಆ 'ಸ್ಸ್' ಇದೆಯಲ್ಲ, ಯೋನ್ಸಿಯ ಗಿಟಾರಿನ ಜೀವ ಇರುವುದೇ ಅಲ್ಲಿ, ಅದು ಕಳೆದುಹೋಗುತ್ತದೆ.

ಅದಕ್ಕೇ ಬಲಗಡೆ ಎಂದಿದ್ದು. ಬಲಗಡೆ ಕೂತರೆ ವೇದಿಕೆ ನಿಮ್ಮ ಎಡಕ್ಕೆ ಬರುತ್ತದೆ. ಕೇಳುವ ಕಿವಿ ತಾನಾಗಿ ಅತ್ತ ತಿರುಗಿರುತ್ತದೆ. ಆದರೆ ತೀರಾ ಗೋಡೆಯ ಪಕ್ಕ ಹೋಗಬೇಡಿ, ಅಲ್ಲಿಗೆ ಸ್ಪೀಕರ್ ಸರಿಯಾಗಿ ತಲುಪುವುದಿಲ್ಲ. ನಡುವಿನ ದಾರಿಯಿಂದ ನಾಲ್ಕೈದು ಸೀಟು ಒಳಗೆ ಇದ್ದರೆ ಚೆನ್ನ. ಮುಂದಿನ ಸಾಲು ಬೇಡವೇ ಬೇಡ. ಅಲ್ಲಿ ಹತ್ತಿರದ ಎರಡು ವಾದ್ಯ ಕೇಳುತ್ತವೆ, ಉಳಿದದ್ದು ತಲೆಯ ಮೇಲೆ ಹಾದುಹೋಗುತ್ತದೆ.

ತಂಗಿಯನ್ನು ನಿಮ್ಮ ಎಡಕ್ಕೆ ಕೂರಿಸಿಕೊಳ್ಳಿ. ಬಲಕ್ಕೆ ಕೂತರೆ ಅವರು ಪಿಸುಗುಟ್ಟಿದ್ದು ನಿಮಗೆ ಗೊತ್ತೇ ಆಗುವುದಿಲ್ಲ.

ಕೊನೆಯದಾಗಿ, ಇದನ್ನು ಮರೆಯಬೇಡಿ. ಇಯರ್‌ಪ್ಲಗ್. ಉಳಿದ ಒಂದು ಕಿವಿಯನ್ನು ನೀವು ಎರಡು ಕಿವಿಯಷ್ಟು ಕಾಯಬೇಕು. 85 ಡೆಸಿಬೆಲ್ಲನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು ಎಂಬುದು ಕೆಲಸದ ಜಾಗಗಳಿಗೆ ಹಾಕಿರುವ ಒಂದು ಲೆಕ್ಕ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧ ಆಗುತ್ತಾ ಹೋಗುತ್ತದೆ. 100ಕ್ಕೆ ಬಂದರೆ 15 ನಿಮಿಷ, ಅಷ್ಟೇ. ರಾಕ್ ಕಾರ್ಯಕ್ರಮದಲ್ಲಿ 100 ದಾಟುವುದು ಕಷ್ಟವೇನಲ್ಲ. ಅಂಗಡಿಯ ಸ್ಪಂಜಿನದು ಬೇಡ, ಅದು ತೆಳ್ಳಗಿನ ಸ್ವರವನ್ನೇ ಮೊದಲು ತಿನ್ನುತ್ತದೆ. ಸಂಗೀತಗಾರರು ಹಾಕುವ ಫಿಲ್ಟರ್ ಇರುವುದು ಸಿಗುತ್ತದೆ. ಎಲ್ಲ ಸ್ವರವನ್ನೂ ಸಮವಾಗಿ ಇಳಿಸುತ್ತದೆ. ಒಂದು ವಾರ ಮೊದಲೇ ತಂದು, ಮನೆಯಲ್ಲಿ ಹಾಕಿಕೊಂಡು ಹಾಡು ಕೇಳಿ ರೂಢಿ ಮಾಡಿಕೊಳ್ಳಿ.

ಹಳೇ ಕೇಳುಗ

ನಾನು ಎರಡು ಸಲ ನೋಡಿದ್ದೇನೆ. ಎರಡೂ ಬೇರೆ ಬೇರೆ ಬ್ಯಾಂಡ್ ಅನ್ನಬೇಕು, ಅಷ್ಟು ವ್ಯತ್ಯಾಸ.

ಮೊದಲನೆಯದು 'ತಕ್' ಆಲ್ಬಂ ಬಂದ ಮೇಲಿನ ಪ್ರವಾಸ. ಆಗ ಅಮಿನಾ ತಂಡದ ನಾಲ್ವರು ಹೆಣ್ಣುಮಕ್ಕಳು ತಂತಿವಾದ್ಯ ನುಡಿಸಲು ಜೊತೆಗಿದ್ದರು. ಆವತ್ತು 'ವಿದ್ರಾರ್ ವೆಲ್ ತಿಲ್ ಲೋಫ್ತಾರಾಸಾ' ನುಡಿಸುತ್ತಾ ಕೊನೆಯ ಹತ್ತಿರ ಬಂದು ಎಲ್ಲರೂ ನಿಂತುಬಿಟ್ಟರು. ಕಮಾನು ಗಾಳಿಯಲ್ಲಿ, ಕೈ ಗಾಳಿಯಲ್ಲಿ. ಕಲ್ಲಿನ ಬೊಂಬೆಗಳ ಹಾಗೆ. ನನ್ನ ಮುಂದಿದ್ದವನು ಚಪ್ಪಾಳೆ ತಟ್ಟಲು ಕೈ ಎತ್ತಿದ. ಪಕ್ಕದವಳು ಅವನ ಮಣಿಕಟ್ಟು ಹಿಡಿದಳು. ಅವನು ಕೈ ಇಳಿಸಿದ. ಅಷ್ಟು ಜನ ಉಸಿರು ಬಿಗಿ ಹಿಡಿದಿದ್ದು ನನಗೆ ಮೈಮೇಲೆ ಗೊತ್ತಾಗುತ್ತಿತ್ತು. ಎಷ್ಟು ಹೊತ್ತು ಎಂದು ಹೇಳಲಾರೆ, ಗಡಿಯಾರ ನೋಡುವ ಸ್ಥಿತಿಯಲ್ಲಿ ಯಾರಿದ್ದರು? ಮತ್ತೆ ಎಲ್ಲರೂ ಒಟ್ಟಿಗೆ ಶುರು ಮಾಡಿದಾಗ ಹೊಟ್ಟೆಯೊಳಗೆ ಏನೋ ಬಿದ್ದ ಹಾಗಾಯಿತು. ಇಪ್ಪತ್ತು ವರ್ಷ ಆಗುತ್ತಾ ಬಂತು. ಆವತ್ತಿನ ಹಾಡುಗಳ ಪಟ್ಟಿ ಮರೆತಿದ್ದೇನೆ, ಆ ಮೌನ ಮರೆತಿಲ್ಲ.

ನಿಮಗೆ ಇದನ್ನು ಹೇಳುತ್ತಿರುವುದಕ್ಕೆ ಕಾರಣ ಇದೆ. ಆ ಮೌನಕ್ಕೆ ಎಡವೂ ಇಲ್ಲ, ಬಲವೂ ಇಲ್ಲ.

ಎರಡನೆಯದು 2008ರ ನವೆಂಬರ್, ಲಂಡನ್‌ನ ಅಲೆಕ್ಸಾಂಡ್ರಾ ಪ್ಯಾಲೇಸ್. ಗುಡ್ಡದ ಮೇಲೆ ಇರುವ ಹಳೆಯ ಕಟ್ಟಡ. ಎರಡು ರಾತ್ರಿ ಇತ್ತು, ನಾನು ಎರಡನೇ ರಾತ್ರಿಗೆ ಹೋಗಿದ್ದೆ. ಆಗ ಅಮಿನಾ ಇರಲಿಲ್ಲ, ಬರೀ ನಾಲ್ವರೇ. ಯೋನ್ಸಿ, ಗೆಯೋರ್ಗ್, ಕ್ಯಾರ್ತನ್, ಓರ್ರಿ. ತಂತಿವಾದ್ಯದ ಮೆತ್ತನೆ ಹೋಗಿ ಎಲುಬು ಕಾಣುತ್ತಿತ್ತು. 'ಹಾಫ್‌ಸೋಲ್' ಹಾಡಿನಲ್ಲಿ ಗೆಯೋರ್ಗ್ ಬೇಸ್ ಗಿಟಾರನ್ನು ಬೆರಳಿನಿಂದ ನುಡಿಸುವುದಿಲ್ಲ, ಡ್ರಮ್ ಕೋಲಿನಿಂದ ತಂತಿಯನ್ನು ಬಡಿಯುತ್ತಾರೆ. ರೆಕಾರ್ಡಿಂಗ್‌ನಲ್ಲಿ ಅದು ಏನು ಸದ್ದು ಅಂತ ನನಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ. ಆ ದಿನ ಕೋಲು ಏಳುವುದು ಬೀಳುವುದು ನೋಡಿದ ಮೇಲೆ ಹಾಡೇ ಬೇರೆಯಾಯಿತು.

ಇನ್ನು 'ಸ್ವೆಪ್ನ್-ಗ್-ಎಂಗ್ಲಾರ್'. ಯೋನ್ಸಿ ಗಿಟಾರನ್ನು ಮುಖದ ಹತ್ತಿರ ಎತ್ತಿಕೊಂಡು ತಂತಿಯ ಸದ್ದು ಹಿಡಿಯುವ ಅದರ ಪಿಕಪ್‌ನೊಳಗೆ ಹಾಡುತ್ತಾರೆ. ದನಿ ಗಿಟಾರಿನ ಒಳಗಿಂದ ಬರುತ್ತದೆ. ಬಾವಿಯೊಳಗೆ ಬಗ್ಗಿ ಯಾರನ್ನೋ ಕರೆದ ಹಾಗೆ.

ಆ ಎರಡು ರಾತ್ರಿಗಳನ್ನು ಚಿತ್ರೀಕರಿಸಿ 2011ರಲ್ಲಿ 'ಇನ್ನಿ' ಎಂದು ಬಿಡುಗಡೆ ಮಾಡಿದರು, ಕಪ್ಪು ಬಿಳುಪಿನಲ್ಲಿ. ತೆಗೆದದ್ದನ್ನು ಪರದೆಗೆ ಬಿಟ್ಟು, ಗಾಜಿನಂಥ ವಸ್ತುಗಳ ಮೂಲಕ ಮತ್ತೆ ಚಿತ್ರೀಕರಿಸಿದ್ದಾರೆ. ಬಹಳ ಚೆನ್ನಾಗಿದೆ. ಆದರೆ ನನ್ನ ನೆನಪಿನಲ್ಲಿ ಆ ರಾತ್ರಿಗೆ ಬಣ್ಣ ಇತ್ತು, ಜಾಸ್ತಿಯೇ ಇತ್ತು. ಚಿತ್ರ ನೋಡಿ ನೋಡಿ ಈಗ ನನ್ನ ನೆನಪೂ ಬಿಳುಪಾಗುತ್ತಿದೆಯೇನೋ ಎಂಬ ಭಯಕ್ಕೆ ನೋಡುವುದನ್ನೇ ಬಿಟ್ಟಿದ್ದೇನೆ.

ನನ್ನ ಸಲಹೆ ಒಂದೇ. ಕಣ್ಣು ಮುಚ್ಚಿಕೊಂಡು ಕೇಳಿ. ಸೀಟು ಯಾವುದಾದರೂ ಇರಲಿ.

ಮಂಜಿನಹಾದಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ತಲೆಯೇ ಗೋಡೆಯಾಗುತ್ತದೆ ಎಂಬುದನ್ನು ನನಗೆ ಯಾವ ಡಾಕ್ಟರೂ ಹೀಗೆ ಹೇಳಿರಲಿಲ್ಲ. ಬಸ್ಸಿನಲ್ಲಿ ಬಲಗಡೆ ಕೂತವರ 'ಸ' ಮತ್ತು 'ಚ' ಯಾಕೆ ಕೇಳುವುದಿಲ್ಲ ಎಂದು ಈಗ ಅರ್ಥವಾಯಿತು.

ಸೀಟು ಬಲಗಡೆಗೆ ಬದಲಾಯಿಸಿದ್ದೇನೆ. ನಡುವಿನ ದಾರಿಯಿಂದ ಐದನೆಯದು.

ಇನ್ನೊಂದು ಕೇಳಬೇಕು. ದೊಡ್ಡ ಸದ್ದು ಬಂದಾಗ ನನ್ನ ಕಿವಿಯೊಳಗಿನ ಆ ನಲ್ಲಿ ಜೋರಾಗುತ್ತದೆ, ತಲೆ ಸುತ್ತುತ್ತದೆ. ಅವರ ಆ ಜೋರು ಹಾಡು 'ಪೋಪ್‌ಲಾಗಿದ್' ಬಂದರೆ ಎದ್ದು ಹೊರಗೆ ಹೋಗಬೇಕಾಗುತ್ತದಾ?

ಮೂವರನ್ನು ನೋಡಿದವಳು

ಇದಕ್ಕೆ ನಾನು ಹೇಳಬಲ್ಲೆ. ನಾನು ನೋಡಿದ್ದು 2017ರಲ್ಲಿ. ಆಗ ಕ್ಯಾರ್ತನ್ ಬ್ಯಾಂಡ್ ಬಿಟ್ಟು ಕೆಲವು ವರ್ಷವಾಗಿತ್ತು, ಮತ್ತೆ ಸೇರಿದ್ದು 2022ರಲ್ಲಿ. ವೇದಿಕೆಯ ಮೇಲೆ ಮೂವರೇ. ಮೂವರಿಂದ ಅಷ್ಟು ಸದ್ದು ಹೇಗೆ ಬಂತು ಎಂದು ಈಗಲೂ ಆಶ್ಚರ್ಯ.

ಪೋಪ್‌ಲಾಗಿದ್ ಕೊನೆಗೆ ಬಂತು. ಆಲ್ಬಂನಲ್ಲೇ ಅದು ಹನ್ನೊಂದು ನಿಮಿಷ ದಾಟುತ್ತದೆ. ಮೊದಲರ್ಧ ತೊಟ್ಟಿಲು ತೂಗಿದಂತೆ ಇರುತ್ತದೆ. ಆಮೇಲೆ ಡ್ರಮ್ ಒಂದೊಂದೇ ಹೆಜ್ಜೆ ಹತ್ತುತ್ತದೆ. ಕೊನೆಯ ಕೆಲವು ನಿಮಿಷ ನಿಜವಾಗಿಯೂ ಬಿರುಗಾಳಿ. ಬಣ್ಣದ ಬೆಳಕು ಫಳ್ ಫಳ್ ಎಂದು ಹೊಡೆಯುತ್ತದೆ. ನನಗೆ ಅರೆತಲೆನೋವು ಇದೆ, ನಾನು ಕೈಯಿಂದ ಕಣ್ಣು ಮುಚ್ಚಿಕೊಂಡೇ ಕೇಳಿದೆ. ಯೋನ್ಸಿ ಗಿಟಾರ್ ಕೆಳಗಿಟ್ಟು ಹೋದ ಮೇಲೂ ಅದು ಕೂಗುತ್ತಲೇ ಇತ್ತು. ನಿಮ್ಮ ತಲೆಸುತ್ತು ನಿಜವಾದ ತೊಂದರೆ, ಹಾಗಾಗಿ ಹೊರಗೆ ಹೋಗಬೇಕು ಅನ್ನಿಸಿದರೆ ಹೋಗಿ. ನಾಚಿಕೆ ಬೇಡ. ದಾರಿಯ ಹತ್ತಿರದ ಸೀಟು ಅದಕ್ಕೂ ಒಳ್ಳೆಯದೇ.

ಆದರೆ ವಾದ್ಯಮೇಳದ ಕಾರ್ಯಕ್ರಮ ಅಷ್ಟು ಜೋರು ಇರುವುದಿಲ್ಲ ಎಂದೇ ನನ್ನ ನಂಬಿಕೆ. 2023ರ 'ಆಟ್ಟಾ' ಆಲ್ಬಂ ಕೇಳಿದರೆ ಗೊತ್ತಾಗುತ್ತದೆ. ಅದರಲ್ಲಿ ಡ್ರಮ್ ಇಲ್ಲವೇನೋ ಅನ್ನುವಷ್ಟು ಕಡಿಮೆ.

ನನ್ನ ಒಂದು ಬೇಜಾರನ್ನೂ ಹೇಳಿಬಿಡುತ್ತೇನೆ. 'ಫೆಸ್ಟಿವಲ್' ಹಾಡಿನಲ್ಲಿ ಯೋನ್ಸಿ ಒಂದೇ ಸ್ವರವನ್ನು ಹಿಡಿದು ಎಳೆಯುತ್ತಾ ಹೋಗುತ್ತಾರೆ. ಉಸಿರು ಮುಗಿಯಿತು ಅನ್ನಿಸಿದ ಮೇಲೂ ಇನ್ನಷ್ಟು. ಸರಿಯಾಗಿ ಅದೇ ಹೊತ್ತಿಗೆ ನನ್ನ ಹಿಂದಿನ ಸಾಲಿನ ಇಬ್ಬರು ತಮ್ಮ ಆಫೀಸಿನ ವಿಷಯ ಮಾತಾಡುತ್ತಿದ್ದರು. ಯಾರಿಗೋ ಬಡ್ತಿ ಸಿಕ್ಕಿದೆಯಂತೆ. ಆ ಹಾಡು ಕೇಳಿದಾಗಲೆಲ್ಲ ನನಗೆ ಈಗಲೂ ಆ ಬಡ್ತಿ ನೆನಪಾಗುತ್ತದೆ. ತಿರುಗಿ 'ದಯವಿಟ್ಟು ಸುಮ್ಮನಿರಿ' ಎನ್ನಲು ನನಗೆ ಬಾಯಿ ಬರಲಿಲ್ಲ. ನೀವು ಹಾಗೆ ಮಾಡಬೇಡಿ. ಯಾರಾದರೂ ಮಾತಾಡಿದರೆ ಮೊದಲನೇ ಹಾಡಿನಲ್ಲೇ ಹೇಳಿಬಿಡಿ.

ಮುಗಿದ ಮೇಲೆ ಬೇಗ ಏಳಬೇಡಿ. ಅವರು ವಾಪಸ್ ಬಂದು ಸಾಲಾಗಿ ನಿಂತು ಬಾಗುತ್ತಾರೆ. ನಾನು ಹೋದಾಗ ಹಿಂದಿನ ಪರದೆಯ ಮೇಲೆ 'ತಕ್' ಎಂಬ ಒಂದೇ ಪದ ಇತ್ತು. ಅವರ ಭಾಷೆಯಲ್ಲಿ ಧನ್ಯವಾದ. ಅರ್ಧ ಜನ ಆಗಲೇ ಕೋಟು ಹುಡುಕುತ್ತಿದ್ದರು.

ಮಿಕ್ಸರ್ ಹಿಂದಿನವನು

ತಲೆಸುತ್ತಿನ ವಿಷಯ ನಿಮ್ಮ ಕಿವಿ ಡಾಕ್ಟರನ್ನು ಒಮ್ಮೆ ಕೇಳಿಯೇ ಹೋಗಿ. ಅದು ನನ್ನ ಕೆಲಸದ ವಿಷಯ ಅಲ್ಲ.

ಹಳೇ ಕೇಳುಗರು ಕಣ್ಣು ಮುಚ್ಚಿ ಎಂದಿದ್ದಾರೆ. ಅವರಿಗೆ ಅದು ಸರಿ. ನಿಮಗೆ ನಾನು ಉಲ್ಟಾ ಹೇಳುತ್ತೇನೆ. ಕಣ್ಣು ಬಿಟ್ಟು ಕೇಳಿ. ಕಮಾನುಗಳನ್ನು ನೋಡುತ್ತಾ ಇರಿ. ಕಾರಣ ಈಗ ಹೇಳುವುದಿಲ್ಲ. ನೋಡಿಬಂದು ನೀವೇ ಹೇಳಿ.

ಮಂಜಿನಹಾದಿ

ಹೋಗಿ ಬಂದೆ. ನಾಲ್ಕು ದಿನ ಆಯಿತು. ಬರೆಯಲು ಕೂತರೆ ಏನೇನೋ ಒಟ್ಟಿಗೆ ಬರುತ್ತಿತ್ತು, ಅದಕ್ಕೆ ತಡವಾಯಿತು.

ಹಾಲ್ ಒಳಗೆ ಹೋದಾಗ ವೇದಿಕೆ ತುಂಬ ಕುರ್ಚಿ, ಸ್ಟ್ಯಾಂಡ್, ಪುಟ್ಟ ಪುಟ್ಟ ಹಳದಿ ದೀಪ. ಮೇಳದವರು ಒಬ್ಬೊಬ್ಬರೇ ಬಂದು ಕೂತರು. ಓಬೋ ಒಂದು ಸ್ವರ ಹಿಡಿಯಿತು, ಉಳಿದವರೆಲ್ಲ ಅದಕ್ಕೆ ಶ್ರುತಿ ಸೇರಿಸಿಕೊಂಡರು. ಅಷ್ಟಕ್ಕೇ ನನ್ನ ತಂಗಿ ನನ್ನ ಮುಖ ನೋಡಿದಳು. ನಾನು ಆಗಲೇ ಅಳುತ್ತಿದ್ದೆ. ಎರಡು ವರ್ಷದಲ್ಲಿ ನಾನು ಇಷ್ಟು ವಾದ್ಯಗಳನ್ನು ಒಟ್ಟಿಗೆ, ಯಾವ ಯಂತ್ರದ ಮೂಲಕವೂ ಅಲ್ಲದೆ, ಗಾಳಿಯಲ್ಲಿ ಕೇಳಿರಲಿಲ್ಲ.

ಮೊದಲ ಎರಡು ಹಾಡು ಅಭ್ಯಾಸದಂತೆ ಕಣ್ಣು ಮುಚ್ಚಿಕೊಂಡೇ ಕೂತೆ. ಹಳೇ ಕೇಳುಗರೇ, ಕ್ಷಮಿಸಿ, ನನಗೆ ಅದು ಆಗಲಿಲ್ಲ. ದೊಡ್ಡದಾಗಿತ್ತು, ಬೆಚ್ಚಗಿತ್ತು, ಆದರೆ ಅದೇ ಗಂಟು. ಎಡಗಿವಿಯ ಪಕ್ಕ ನಿಂತ ಒಂದು ಸುಂದರವಾದ ಗಂಟು. ಆಗ ಆ ಮಾತು ನೆನಪಾಗಿ ಕಣ್ಣು ಬಿಟ್ಟೆ.

ಚೆಲ್ಲೊಗಳು ವೇದಿಕೆಯ ಬಲಗಡೆ ಇದ್ದವು. ಅವರ ಕಮಾನುಗಳೆಲ್ಲ ಒಟ್ಟಿಗೆ ಚಲಿಸಿದವು. ಆ ಕ್ಷಣ ಸ್ವರ ಅಲ್ಲಿಂದ ಬಂತು. ಬಲಗಡೆಯಿಂದ. ನನಗೆ ನಂಬಿಕೆ ಬರಲಿಲ್ಲ. ಕಣ್ಣು ಮುಚ್ಚಿದೆ, ಮತ್ತೆ ಗಂಟಾಯಿತು. ಬಿಟ್ಟೆ, ಸ್ವರ ಹೋಗಿ ಚೆಲ್ಲೊಗಳ ಮೇಲೆ ಕೂತಿತು. ಪಿಟೀಲಿನವರನ್ನು ನೋಡಿದೆ, ತೆಳ್ಳಗಿನ ಸ್ವರ ಎಡಕ್ಕೆ ಹಾರಿತು. ನಾಲ್ಕೈದು ಸಲ ಹೀಗೆ ಮುಚ್ಚಿ ಬಿಟ್ಟು ಮಾಡಿ ನೋಡಿದೆ. ಪ್ರತಿ ಸಲವೂ ಹಾಗೇ. ಕಿವಿ ಹೇಳಲಾಗದ್ದನ್ನು ಕಣ್ಣು ಹೇಳುತ್ತಿತ್ತು, ಮಿದುಳು ನಂಬುತ್ತಿತ್ತು. ಮಿಕ್ಸರ್ ಹಿಂದಿನವರೇ, ನಿಮಗೆ ಇದು ಮೊದಲೇ ಗೊತ್ತಿತ್ತು ಅಲ್ವಾ?

ಆಮೇಲೆ ಎರಡು ತಾಸು ಕಣ್ಣು ಪಿಳುಕಿಸಲೂ ಮನಸ್ಸಿರಲಿಲ್ಲ.

'ಸ್ತಾರಾಲ್ವುರ್' ಬಂತು. ಆ ಹಾಡಿನ ತಂತಿವಾದ್ಯದ ಭಾಗವನ್ನು ಹಿಂದಿನಿಂದ ನುಡಿಸಿದರೂ ಮುಂದಿನಿಂದ ನುಡಿಸಿದರೂ ಒಂದೇ ಎಂದು ಎಲ್ಲೋ ಓದಿದ್ದೆ. ಆವತ್ತು ಅದನ್ನು ಪತ್ತೆ ಮಾಡಬೇಕು ಎಂದು ಹಟ ತೊಟ್ಟು ಕೂತಿದ್ದೆ. ಎರಡನೇ ಸಾಲಿಗೇ ಮರೆತುಹೋಯಿತು. ಕಮಾನುಗಳು ಇಳಿಯುತ್ತಿದ್ದವು, ಏರುತ್ತಿದ್ದವು, ಗಾಳಿಗೆ ಹುಲ್ಲು ಬಾಗಿದ ಹಾಗೆ. ನಾನು ಬರೀ ನೋಡುತ್ತಿದ್ದೆ.

ಯೋನ್ಸಿಯ ಬಗ್ಗೆ ಒಂದು ಮಾತು. ಅವರ ಕಮಾನಿನ ಕೂದಲು ಕಿತ್ತು ಕಿತ್ತು ನೇತಾಡುತ್ತಿತ್ತು. ಬೆಳಕು ಹಿಂದಿನಿಂದ ಬಿದ್ದಾಗ ಒಂದೊಂದು ಎಳೆಯೂ ಹೊಳೆಯುತ್ತಿತ್ತು. ಹೆಡ್‌ಫೋನಿನಲ್ಲಿ ನಾನು ಮಂಜು ಎಂದುಕೊಂಡಿದ್ದು ಅಷ್ಟು ಒರಟು ಕೆಲಸದಿಂದ ಬರುತ್ತದೆ. ಅವರು ತಂತಿಯ ಮೇಲೆ ಕಮಾನನ್ನು ಒತ್ತಿ ಒತ್ತಿ ಎಳೆಯುತ್ತಾರೆ, ಭುಜ ಎಲ್ಲ ಬಳಸಿ. ಅವರಿಗೆ ಹುಟ್ಟಿನಿಂದ ಬಲಗಣ್ಣು ಕಾಣುವುದಿಲ್ಲ. ಇದು ನನಗೆ ಹಿಂದೆಯೇ ಗೊತ್ತಿದ್ದ ವಿಷಯ, ಯಾವತ್ತೂ ಯೋಚಿಸಿರಲಿಲ್ಲ. ಆವತ್ತು ಅವರು ಮೇಳದ ಕಡೆ ತಲೆ ತಿರುಗಿಸಿದಾಗಲೆಲ್ಲ ನನಗೆ ಅದೇ ಕಾಣುತ್ತಿತ್ತು. ನಾನೂ ಅಷ್ಟು ಹೊತ್ತೂ ಕತ್ತು ಬಲಕ್ಕೆ ವಾಲಿಸಿ, ಎಡಗಿವಿಯನ್ನು ವೇದಿಕೆಗೆ ಒಡ್ಡಿಕೊಂಡು ಕೂತಿದ್ದೆ. ಮರುದಿನ ಕತ್ತು ಹಿಡಿದುಕೊಂಡಿತ್ತು.

ಇಯರ್‌ಪ್ಲಗ್ ಹಾಕಿದ್ದೆ. ಮೆತ್ತನೆಯ ಹಾಡುಗಳಲ್ಲಿ ತೆಗೆದೆ, ದೊಡ್ಡದಾಗುತ್ತಿದೆ ಅನ್ನಿಸಿದಾಗ ಮತ್ತೆ ಹಾಕಿದೆ. ತಲೆ ಒಂದೇ ಸಲ ಸುತ್ತಿತು, 'ಹೋಪ್ಪಿಪೋಲ್ಲಾ' ಮುಗಿಯುವ ಹೊತ್ತಿಗೆ. ಆಗ ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡೆ. ಮರದ ಬೆನ್ನು ನಡುಗುತ್ತಿತ್ತು. ಹಿಡಿದುಕೊಂಡಿದ್ದು ಬೀಳದಿರಲಿ ಎಂದು, ಆದರೆ ಬಿಡಲು ಮನಸ್ಸಾಗಲಿಲ್ಲ. ಆಮೇಲೆ ಉಳಿದದ್ದನ್ನೆಲ್ಲ ಅಂಗೈಯಿಂದಲೂ ಕೇಳಿದೆ.

ಹಿಂದೆ ಯಾರೂ ಮಾತಾಡಲಿಲ್ಲ. ಮಾತಾಡಿದ್ದರೂ ಬಲಗಡೆಯವರದು ನನಗೆ ಕೇಳುತ್ತಿರಲಿಲ್ಲ, ಅದು ಬೇರೆ ಮಾತು.

ನಾನು ಹೋದ ದಿನ ಪೋಪ್‌ಲಾಗಿದ್ ಇರಲಿಲ್ಲ. ಇರಲಿಲ್ಲ ಎಂದು ಗೊತ್ತಾದಾಗ ನೆಮ್ಮದಿಯಾಗುತ್ತದೆ ಎಂದುಕೊಂಡಿದ್ದೆ. ಬೇಸರವಾಯಿತು. ಡ್ರಮ್ ಹೊತ್ತು ಅವರು ಮತ್ತೆ ಬಂದರೆ ಅದನ್ನೂ ನೋಡಲೇಬೇಕು. ಅಷ್ಟು ಬೆಳಕು ಹೊಡೆಯುವಾಗ ಕಣ್ಣು ಬಿಟ್ಟುಕೊಂಡಿರಲು ಆಗುತ್ತದಾ, ಮೂವರನ್ನು ನೋಡಿದವರೇ? ನನಗೆ ಕಣ್ಣು ಬೇಕೇ ಬೇಕು.

ಮನೆಗೆ ಬಂದ ಮೇಲೆ ಹೆಸರಿಲ್ಲದ ಆಲ್ಬಂ ಹಾಕಿದೆ. ನಾಲ್ಕನೇ ಮತ್ತು ಐದನೇ ಹಾಡಿನ ನಡುವೆ 36 ಸೆಕೆಂಡ್ ಏನೂ ಇರುವುದಿಲ್ಲ, ಗೊತ್ತಲ್ಲ. ಆ ಜಾಗದಲ್ಲಿ ನನಗೆ ನನ್ನ ನಲ್ಲಿ ಮಾತ್ರ ಕೇಳಿಸುತ್ತದೆ. ಎರಡು ವರ್ಷ ಅದಕ್ಕೆ ಹೆದರಿ ಆ ಭಾಗವನ್ನು ದಾಟಿಸಿಬಿಡುತ್ತಿದ್ದೆ. ಮೊನ್ನೆ ದಾಟಿಸಲಿಲ್ಲ.

ಮೂವರನ್ನು ನೋಡಿದವಳು

ಬೆಳಕು ವೇದಿಕೆಯ ಹಿಂದಿನಿಂದ ನೇರ ಮುಖಕ್ಕೆ ಹೊಡೆಯುತ್ತದೆ. ಟೋಪಿ ಇರುವ ಜಾಕೆಟ್ ಹಾಕಿಕೊಂಡು ಹೋಗಿ, ಅಂಚನ್ನು ಹುಬ್ಬಿನವರೆಗೆ ಎಳೆದುಕೊಂಡರೆ ಕೈ ಮತ್ತು ಕಮಾನು ಕಾಣುತ್ತವೆ, ದೀಪ ಕಾಣುವುದಿಲ್ಲ. ನಾನು ಆವತ್ತು ಕೊನೆಯ ಎರಡು ನಿಮಿಷ ಹಾಗೇ ನೋಡಿದ್ದು.

ಮಿಕ್ಸರ್ ಹಿಂದಿನವನು

ಗೊತ್ತಿತ್ತು ಮೇಡಂ. ನನಗೂ ಎಡಗಿವಿಯಲ್ಲಿ ಅರ್ಧ ಹೋಗಿದೆ. ಹನ್ನೊಂದು ವರ್ಷದಲ್ಲಿ ಮೊದಲ ನಾಲ್ಕು ವರ್ಷ ಪ್ಲಗ್ ಹಾಕಿರಲಿಲ್ಲ.

ಮೆತ್ತನೆಯ ಹಾಡಿಗೂ ತೆಗೆಯಬೇಡಿ ಮುಂದಿನ ಸಲ.